ಕೊಳೆರೋಗ: ಆಷಾಢದ ಪ್ರಶ್ನೆಗೆ ವೈಶಾಖದ ಉತ್ತರ

ಪ್ರತಿವರ್ಷ ಆಷಾಢ ಕಳೆಯುವ ಹೊತ್ತಿಗೆ ನಮ್ಮ ಸಂಘದ ಕಚೇರಿಯ ಮೇಜಿನ ಮೇಲೆ ಒಂದು ಕಾಣಿಕೆ ಬಂದು ಕೂರುತ್ತದೆ. ಬಾಳೆಲೆಯ ತುಂಡಿನಲ್ಲೋ ಹಳೆಯ ಪತ್ರಿಕೆಯಲ್ಲೋ ಸುತ್ತಿದ ಏಳೆಂಟು ಎಳೆಯ ಅಡಿಕೆಕಾಯಿಗಳು. ತೊಟ್ಟಿನ ಬಳಿ ನೀರಿನಲ್ಲಿ ನೆನೆದಂಥ ಕಡುಹಸಿರು ಕಲೆ. ಬಿದ್ದು ಎರಡು ಮೂರು ದಿನವಾಗಿದ್ದರೆ ಮೇಲೆಲ್ಲ ಹತ್ತಿಯಂಥ ಬಿಳಿ ಬೂಷ್ಟು. ತಂದವರು ಕೊಡೆ ಮಡಿಸಿ ಮೂಲೆಗೆ ಇಟ್ಟು, "ಇದಕ್ಕೆ ಏನು ಹೊಡೆಯಬೇಕು ಕಾರ್ಯದರ್ಶಿಗಳೇ?" ಎಂದು ಕೇಳುತ್ತಾರೆ. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಗೆ ನಾನು ಕೊಟ್ಟಿರುವ ಉತ್ತರಗಳಲ್ಲಿ ಅರ್ಧದಷ್ಟು ಬರೀ ಸಮಾಧಾನದ ಮಾತು. ಆ ಕಾಯಿಗೆ ಹೊಡೆಯುವಂಥದ್ದು ಏನೂ ಇಲ್ಲ. ಹೊಡೆಯಬೇಕಾದದ್ದನ್ನು ಮಳೆ ಹಿಡಿಯುವ ಮೊದಲೇ ಹೊಡೆಯಬೇಕಿತ್ತು. ಮನೆಯಲ್ಲಿ ಬೆಳೆ ಕಳೆದುಕೊಂಡು ಬಂದು ಕುಳಿತವರ ಮುಂದೆ ಇದನ್ನು ಹೇಳುವುದು ಕಷ್ಟವಾದ್ದರಿಂದ, ಮಳೆಗೆ ಇನ್ನೂ ಸಾಕಷ್ಟು ದಿನವಿರುವಾಗಲೇ ಇಲ್ಲಿ ಬರೆದು ಹಗುರಾಗುತ್ತಿದ್ದೇನೆ.

ಕೊಳೆರೋಗ ನಮಗೆ ಹೊಸದಲ್ಲ. ಘಟ್ಟದ ಕೆಳಗೂ ಮೇಲೂ ಅಡಿಕೆ ಇರುವಲ್ಲೆಲ್ಲ ಅದಿದೆ. ಕೇರಳದವರು ಮಹಾಳಿ ಎನ್ನುತ್ತಾರೆ. ಮಳೆ ಹಿಡಿದ ಹದಿನೈದು ಇಪ್ಪತ್ತು ದಿನಗಳಲ್ಲಿ ಉದುರು ಶುರುವಾಗುತ್ತದೆ. ಒಂದು ಕಾಯಿಗೆ ಹತ್ತಿದ್ದು ಕೊನೆಗೆಲ್ಲ ಹಬ್ಬಿ, ಕಾಯಿ ಕಚ್ಚಿಕೊಂಡಿರುವ ಎಸಳುಗಳೂ ಕೊಳೆತು, ಆಮೇಲೆ ಪಕ್ಕದ ಮರಕ್ಕೆ ದಾಟುತ್ತದೆ. ಮಳೆಗಾಲ ನೀಳವಾದರೆ ಸುಳಿಗೂ ಇಳಿಯುತ್ತದೆ. ಆಗ ಹೋಗುವುದು ಆ ವರ್ಷದ ಕೊನೆಯಷ್ಟೇ ಅಲ್ಲ, ಮರವೇ. ಹತ್ತರಲ್ಲಿ ಒಂದು ಪಾಲು ಹೋದರೆ ಅದೃಷ್ಟವೆಂದುಕೊಳ್ಳುವ ವರ್ಷಗಳಿವೆ. ಔಷಧಿಯೇ ಕಾಣದ ತೋಟದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೋದದ್ದೂ ಇದೆ. 2013ರ ಮಳೆಗಾಲವನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. 2018ನ್ನು ನಾನಂತೂ ಮರೆಯುವಂತಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಶತ್ರು ಯಾರೆಂಬುದನ್ನು ತಿಳಿಯೋಣ. ನಾವು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವಾಗ ಇದನ್ನು ಶಿಲೀಂಧ್ರಗಳ ಅಧ್ಯಾಯದಲ್ಲಿ ಇಟ್ಟಿದ್ದರು. ಫೈಟಾಫ್ತೊರ ಎಂಬುದು ಅದರ ಕುಲನಾಮ. ಗ್ರೀಕ್ ಭಾಷೆಯಲ್ಲಿ ಗಿಡಗಳನ್ನು ಹಾಳುಮಾಡುವುದು ಎಂದರ್ಥ. ಜರ್ಮನಿಯ ಆಂಟನ್ ಡಿ ಬಾರಿ 1876ರಲ್ಲಿ ಈ ಹೆಸರಿಟ್ಟದ್ದು ನಮ್ಮ ಅಡಿಕೆಯನ್ನು ನೋಡಿ ಅಲ್ಲ, ಆಲೂಗಡ್ಡೆಯನ್ನು ನೋಡಿ. 1845ರಿಂದ ಕೆಲವು ವರ್ಷ ಐರ್ಲೆಂಡಿನಲ್ಲಿ ಆಲೂಗಡ್ಡೆಯನ್ನು ಕೊಳೆಸಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದದ್ದು ಇದೇ ಕುಲದ ಇನ್ನೊಂದು ಜಾತಿ. ಕರಿಮೆಣಸಿನ ಬಳ್ಳಿಯನ್ನು ವಾರದಲ್ಲಿ ಸೊರಗಿಸುವುದೂ, ಕೋಕೋ ಕಾಯಿಯನ್ನು ಕಪ್ಪಾಗಿಸುವುದೂ ಈ ಮನೆತನದವೇ. ಈಗಿನ ವಿಜ್ಞಾನಿಗಳು ಇದನ್ನು ನಿಜವಾದ ಶಿಲೀಂಧ್ರಗಳ ಸಾಲಿನಿಂದ ತೆಗೆದು ನೀರುಬೂಷ್ಟುಗಳ ಸಾಲಿಗೆ ಹಾಕಿದ್ದಾರೆ. ಸಮುದ್ರದ ಕಂದುಪಾಚಿಗೆ ಇದು ಅಣಬೆಗಿಂತ ಹತ್ತಿರದ ನೆಂಟನಂತೆ. ನೆಂಟಸ್ತಿಕೆಯ ಲೆಕ್ಕ ಬೆಳೆಗಾರನಿಗೇಕೆ ಎಂದು ಕೇಳಬಹುದು. 'ನೀರು' ಎಂಬ ಆ ಒಂದು ಮಾತಿನಲ್ಲಿಯೇ ನಮ್ಮ ಕೆಲಸದ ಗುಟ್ಟಿದೆ.

ಬಿದ್ದ ಕಾಯಿಯ ಮೇಲಿನ ಬಿಳಿ ಬೂಷ್ಟಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳು ಹುಟ್ಟುತ್ತವೆ. ಗಾಳಿ ಮಳೆಯ ಎರಚಲಿಗೆ ಅವು ಹಾರಿ ಕೊನೆಯ ಮೇಲೆ ಕೂರುತ್ತವೆ. ಅಲ್ಲಿ ನೀರಿನ ಒಂದು ಪಸೆ ಇದ್ದರೆ ಸಾಕು, ಚೀಲ ಒಡೆದು ಒಳಗಿನಿಂದ ಬೀಜಾಣುಗಳು ಹೊರಬೀಳುತ್ತವೆ. ಒಂದೊಂದಕ್ಕೂ ಎರಡೆರಡು ಬಾಲ. ಆ ಬಾಲಗಳನ್ನು ಬಡಿಯುತ್ತ ಅವು ಅಕ್ಷರಶಃ ಈಜುತ್ತವೆ. ಈಜಿ ಕಾಯಿಯ ತೊಟ್ಟಿನ ಸಂದಿಗೆ ಸೇರಿ, ಬಾಲ ಕಳಚಿ, ಮೊಳಕೆಯೊಡೆದು ಒಳಹೊಗುತ್ತವೆ. ಉಷ್ಣತೆ 20ರಿಂದ 23 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು, ಗಾಳಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನ ತೇವ, ಬಿಟ್ಟೂ ಬಿಡದ ಮಳೆ, ನಡುನಡುವೆ ಒಂದಿಷ್ಟು ಬಿಸಿಲು: ಅದಕ್ಕೆ ಬೇಕಾದದ್ದು ಇಷ್ಟೇ. ನಮ್ಮ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಇದನ್ನೆಲ್ಲ ಕೇಳದೆಯೇ ಕೊಡುತ್ತವೆ.

ಈಗ ಬೋರ್ಡೋ ದ್ರಾವಣ ಮಾಡುವುದೇನೆಂದು ನೋಡಿ. ಮೈಲುತುತ್ತದ ನೀರು ಸುಣ್ಣದ ತಿಳಿಯಲ್ಲಿ ಬೆರೆತಾಗ ತಿಳಿನೀಲಿಯ ನಯವಾದ ಕೆನೆಯಂಥದ್ದು ಹುಟ್ಟುತ್ತದೆ. ಅದು ಕಾಯಿಯ ಸಿಪ್ಪೆಗೂ ತೊಟ್ಟಿಗೂ ಅಂಟಿ ಒಣಗುತ್ತದೆ. ಮಳೆಯ ನೀರಿನಲ್ಲಿ ಅದರಿಂದ ತಾಮ್ರ ಚೂರುಚೂರಾಗಿ ಕರಗಿ ಬರುತ್ತದೆ. ಈಜಿ ಬಂದ ಬೀಜಾಣು ಆ ನೀರಿನಲ್ಲಿಯೇ ಸಾಯುತ್ತದೆ. ಎಂದರೆ ಇದು ಬಾಗಿಲ ಕಾವಲು. ಬಾಗಿಲು ದಾಟಿ ಒಳಹೊಕ್ಕ ಎಳೆಯನ್ನು ಅದು ಮುಟ್ಟಲಾರದು. ಕೊಳೆ ಕಂಡ ಮೇಲೆ ಹೊಡೆದ ಬೋರ್ಡೋ ಇನ್ನೂ ಹತ್ತದ ಕಾಯಿಗಳನ್ನು ಒಂದಿಷ್ಟು ಉಳಿಸಬಹುದು. ಹತ್ತಿದ್ದನ್ನು ಉಳಿಸಿದ ಉದಾಹರಣೆ ನನ್ನ ತೋಟದಲ್ಲಂತೂ ಇಲ್ಲ.

ಈ ಔಷಧಿಯ ಜಾತಕವೂ ಸ್ವಾರಸ್ಯವಾದದ್ದು. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ತೋಟದವರು ಮೈಲುತುತ್ತ ಸುಣ್ಣ ಕಲಸಿ ಎರಚುತ್ತಿದ್ದರಂತೆ. 1882ರಲ್ಲಿ ಆ ದಾರಿಯಲ್ಲಿ ಹೋದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ, ಬೂಷ್ಟುರೋಗದಿಂದ ಎಲೆ ಉದುರಿದ ತೋಟದಲ್ಲಿ ಆ ಅಂಚಿನ ಸಾಲುಗಳು ಮಾತ್ರ ಹಸಿರಾಗಿದ್ದುದನ್ನು ಗಮನಿಸಿದ. 1885ರಲ್ಲಿ ಅದರ ಪ್ರಮಾಣವನ್ನು ಪ್ರಕಟಿಸಿದ. ದ್ರಾಕ್ಷಿಯ ಆ ಬೂಷ್ಟು ನಮ್ಮ ಕೊಳೆಯ ದಾಯಾದಿಯೇ ಆದ್ದರಿಂದ ಕಳ್ಳರ ಔಷಧಿ ಇಲ್ಲಿಗೂ ಒದಗಿ ಬಂತು. ಅದನ್ನು ಅಡಿಕೆಗೆ ಹೊಂದಿಸಿ ಮಲೆನಾಡಿನಲ್ಲಿ ರೂಢಿಗೆ ತಂದ ಶ್ರೇಯಸ್ಸು ಡಾ. ಲೆಸ್ಲಿ ಕೋಲ್ಮನ್ ಅವರದು. ಕೆನಡಾ ದೇಶದವರಾದ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, 1910ರಲ್ಲಿ ಅಡಿಕೆಯ ಕೊಳೆರೋಗದ ಮೇಲೆ ಪುಸ್ತಿಕೆಯನ್ನು ಪ್ರಕಟಿಸಿದರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರೂ ಆದರು. ಅವರು ಗುರುತಿಸಿದ ಜೀವಿಗೆ ಅಡಿಕೆಯ ಹೆಸರನ್ನೇ ಸೇರಿಸಿ ಫೈಟಾಫ್ತೊರ ಅರೇಕೆ ಎಂದು ಬಹುಕಾಲ ಕರೆಯಲಾಯಿತು. ಇತ್ತೀಚಿನ ಪರೀಕ್ಷೆಗಳು ನಮ್ಮ ಸೀಮೆಯ ಕೊಳೆಯಲ್ಲಿ ಹೆಚ್ಚಾಗಿ ಕಾಣುವುದು ರಬ್ಬರ್ ಮರದ ಎಲೆ ಉದುರಿಸುವ ಫೈಟಾಫ್ತೊರ ಮೀಡಿಯೈ ಎಂದು ತೋರಿಸಿವೆ. ಹೆಸರು ಬದಲಾಯಿತು, ಉದುರು ಬದಲಾಗಲಿಲ್ಲ.

ಬೋರ್ಡೋ ಬರುವ ಮೊದಲು ನಮ್ಮ ಹಿರಿಯರು ಕೈಕಟ್ಟಿ ಕುಳಿತಿರಲಿಲ್ಲ. ಕೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಅಡಿಕೆ ಹಾಳೆಯಿಂದಲೋ ಕರಡದ ಹುಲ್ಲಿನಿಂದಲೋ ಹೊಲಿದ ಆ ಟೊಪ್ಪಿಗೆ ಮಳೆ ಹಿಡಿಯುವ ಮುನ್ನ ಪ್ರತಿ ಕೊನೆಯ ಮೇಲೂ ಏರಬೇಕು. ನನ್ನ ಅಜ್ಜ ಬೇಸಗೆಯಿಡೀ ಜಗಲಿಯಲ್ಲಿ ಕುಳಿತು ಕೊಟ್ಟೆ ಹೊಲಿಸುತ್ತಿದ್ದರೆಂದು ತಂದೆಯವರು ಹೇಳುತ್ತಿದ್ದರು. ಬೀಜಾಣುವಿನ ಬಾಲ ಅವರಿಗೆ ಗೊತ್ತಿರಲಿಲ್ಲ. ಕಾಯಿಗೆ ನೀರು ತಾಗದಿದ್ದರೆ ಕೊಳೆಯಿಲ್ಲ ಎಂಬುದು ಗೊತ್ತಿತ್ತು. ಈಗ ಕೆಲವರು ಪ್ಲಾಸ್ಟಿಕ್ಕಿನ ಕೊಟ್ಟೆ ಕಟ್ಟುತ್ತಾರೆ. ಫಲ ಚೆನ್ನಾಗಿದೆ, ಆದರೆ ದೊಡ್ಡ ತೋಟದವರ ಕೈಗೆ ಎಟುಕುವ ಕೆಲಸವಲ್ಲ.

ಇನ್ನು 2018ರ ಮಾತು. ಆ ವರ್ಷ ಮೈಲುತುತ್ತದ ಖರೀದಿ ನನ್ನ ಕೈಯಲ್ಲಿತ್ತು. ಏಪ್ರಿಲಿನಲ್ಲಿ ಬಂದ ದರಪಟ್ಟಿ ಹಿಂದಿನ ವರ್ಷಕ್ಕಿಂತ ಏರಿತ್ತು. ಇನ್ನೊಂದು ಕಡೆಯಿಂದ ದರ ತರಿಸಿದರೆ ಕಿಲೋಗೆ ನಾಲ್ಕು ಕಾಸು ಸದಸ್ಯರಿಗೆ ಉಳಿಯುತ್ತದೆಂದು ಸಭೆಯಲ್ಲಿ ನಾನೇ ಹೇಳಿದೆ. ನಿರ್ದೇಶಕರು ತಲೆದೂಗಿದರು. ಆ ದರ ಬಂತು, ಪತ್ರವ್ಯವಹಾರ ನಡೆಯಿತು, ಲಾರಿ ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಮೇ ತಿಂಗಳು ಮುಗಿಯಿತು. ಆ ವರ್ಷ ಮುಂಗಾರು ಮೇ 29ಕ್ಕೇ ಕೇರಳ ಮುಟ್ಟಿತು. ಮೈಲುತುತ್ತ ನಮ್ಮ ಉಗ್ರಾಣಕ್ಕೆ ಬಂದದ್ದು ಜೂನ್ ಎರಡನೆಯ ವಾರ, ಮೃಗಶಿರಾ ಮಳೆ ಬಿಡದೆ ಹೊಯ್ಯುತ್ತಿದ್ದಾಗ. ಪೇಟೆಯಲ್ಲಿ ಮೊದಲೇ ಕೊಂಡುಕೊಂಡಿದ್ದವರು ರೋಹಿಣಿಯಲ್ಲೇ ಹೊಡೆದು ಮುಗಿಸಿದ್ದರು. ಸಂಘವನ್ನು ನಂಬಿ ಕುಳಿತವರು ಉಳಿದರು. ನಾನೂ ಅವರಲ್ಲೊಬ್ಬ.

ಜೂನ್ ಕೊನೆಯಲ್ಲಿ ಒಂದೂವರೆ ದಿನ ಮಳೆ ಹೊಳವಾಯಿತು. ನಮ್ಮ ತೋಟಕ್ಕೆ ಮೂವತ್ತು ವರ್ಷದಿಂದ ಬರುವ ಕೊನೆಗೌಡ ಬಂದ. ನಾನು ಡ್ರಮ್ಮಿನಲ್ಲಿ ದ್ರಾವಣ ಕಲಸಿ ಸಿದ್ಧನಾಗಿದ್ದೆ. ಆತ ಮರದ ಬುಡದಲ್ಲಿ ಬಿದ್ದ ಒಂದು ಕಾಯಿಯನ್ನು ಎತ್ತಿ ತೊಟ್ಟು ನೋಡಿ, "ಅಯ್ಯಾ, ಕೊಳೆ ಬಿದ್ದ ಕೊನೆಗೆ ಔಷಧಿ ಹೊಡೆಯೋದು ಅಂದ್ರೆ ಹೆಣಕ್ಕೆ ಕೊಡೆ ಹಿಡಿದ ಹಾಗೆ. ನೀವು ಹೇಳ್ತೀರಿ, ನಾನು ಹತ್ತುತೀನಿ" ಎಂದ. ಹತ್ತಿದ. ಮರಗಳಿಗೆ ಆಗಲೇ ಪಾಚಿ ಕಟ್ಟಿತ್ತು. ಮೂರನೆಯ ಮರದಲ್ಲೋ ನಾಲ್ಕನೆಯದರಲ್ಲೋ ತಳೆ ಜಾರಿ, ಆತ ಎದೆಯನ್ನು ಮರಕ್ಕೆ ಒತ್ತಿಕೊಂಡೇ ಎರಡು ಆಳೆತ್ತರ ಕೆಳಗೆ ಬಂದು ನಿಂತ. ಬೀಳಲಿಲ್ಲ. ಎದೆಯ ಚರ್ಮ ಕಿತ್ತು ಬಂದಿತ್ತು. ಮಗನೊಬ್ಬ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ, ಅಪ್ಪನಿಗೆ ಮರ ಹತ್ತುವುದನ್ನು ಬಿಡೆಂದು ಹೇಳುತ್ತಲೇ ಇದ್ದ. ಆ ದಿನ ನಾನು ಡ್ರಮ್ಮನ್ನು ಹಾಗೆಯೇ ಬಿಟ್ಟೆ. ಆ ವರ್ಷ ನಮ್ಮ ಮನೆಯ ಬೆಳೆಯಲ್ಲಿ ಮೂರರಲ್ಲಿ ಒಂದು ಪಾಲು ಹೋಯಿತು. ಸದಸ್ಯರಲ್ಲಿ ಇದಕ್ಕಿಂತ ಹೆಚ್ಚು ಕಳೆದುಕೊಂಡವರಿದ್ದಾರೆ. ಮುಖಕ್ಕೆ ಹೇಳಿದವರು ಇಬ್ಬರೇ. ಉಳಿದವರು ಹೇಳದೆ ಇದ್ದದ್ದು ನನಗೆ ಹೆಚ್ಚು ತಾಗಿತು. ಕಿಲೋಗೆ ಉಳಿಸಲು ಹೊರಟಿದ್ದ ಹಣದ ಲೆಕ್ಕವನ್ನು ಆ ವರ್ಷದ ವರದಿಯಲ್ಲಿ ಬರೆಯುವ ಮನಸ್ಸಾಗಲಿಲ್ಲ.

ಅಲ್ಲಿಂದ ಮುಂದೆ ನಮ್ಮಲ್ಲಿ ಮೈಲುತುತ್ತ ಏಪ್ರಿಲ್ ಮುಗಿಯುವುದರೊಳಗೆ ಉಗ್ರಾಣದಲ್ಲಿರಬೇಕೆಂಬ ನಿಯಮವಾಗಿದೆ, ದರ ಎಷ್ಟೇ ಇರಲಿ.

ದ್ರಾವಣ ಮಾಡುವ ಬಗೆ ಎಲ್ಲರಿಗೂ ಗೊತ್ತಿದೆ ಎಂಬುದೇ ತೊಂದರೆ. ಗೊತ್ತಿದೆಯೆಂದು ಯಾರೂ ತೂಗುವುದಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಒಳ್ಳೆಯ ಸುಣ್ಣ; ಇನ್ನೂರರ ಡ್ರಮ್ಮಿಗೆ ಎರಡೆರಡು. ಮೈಲುತುತ್ತವನ್ನು ಅರ್ಧ ನೀರಿನಲ್ಲಿ, ಸುಣ್ಣವನ್ನು ಉಳಿದರ್ಧದಲ್ಲಿ ಬೇರೆಬೇರೆಯಾಗಿ ಕರಗಿಸಿ, ಸುಣ್ಣವನ್ನು ಸೋಸಿ, ಆ ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕದಡುತ್ತ ಸುರಿಯಬೇಕು. ತಿರುಗಾಮುರುಗಾ ಮಾಡಿದರೆ ಕೆನೆ ಒರಟಾಗಿ ಬೇಗ ತಳ ಸೇರುತ್ತದೆ, ಕಾಯಿಗೆ ಅಂಟುವುದಿಲ್ಲ. ಕಬ್ಬಿಣದ ಪಾತ್ರೆ ಬೇಡವೇ ಬೇಡ. ಮರದ್ದೋ ಪ್ಲಾಸ್ಟಿಕ್ಕಿನದ್ದೋ ಇರಲಿ. ಮಾಡಿದ್ದನ್ನು ಅಂದೇ ಮುಗಿಸಬೇಕು. ನಿನ್ನೆಯ ಬೋರ್ಡೋ ಇಂದಿನ ನೀಲಿ ನೀರು.

ಹೆಚ್ಚಿನವರು ಎಡವುವುದು ಸುಣ್ಣದಲ್ಲಿ. ಹೋದ ವರ್ಷ ಮಿಕ್ಕು ಮೂಲೆಯಲ್ಲಿ ಬಿದ್ದಿದ್ದ ಚೀಲದ ಸುಣ್ಣ ಗಾಳಿ ಕುಡಿದು ಸತ್ತಿರುತ್ತದೆ. ತೂಕ ಸರಿಯಿದ್ದರೂ ಮೈಲುತುತ್ತದ ಹುಳಿಯನ್ನು ಮುರಿಯುವ ಶಕ್ತಿ ಅದಕ್ಕಿಲ್ಲ. ಮುರಿಯದೆ ಉಳಿದ ಮೈಲುತುತ್ತ ಎಳೆಗಾಯಿಯನ್ನು ಸುಡುತ್ತದೆ. ಆಮೇಲೆ ಔಷಧಿಯೇ ಕೆಟ್ಟದ್ದೆಂದು ನಮ್ಮ ಕಚೇರಿಗೆ ದೂರು. ಪರೀಕ್ಷೆ ಸುಲಭ. ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರದ ಬಣ್ಣ ಕೂತಿದ್ದರೆ ಸುಣ್ಣ ಸಾಲದು. ಇನ್ನಷ್ಟು ಸುಣ್ಣದ ತಿಳಿ ಹಾಕಿ, ಕತ್ತಿ ಬೆಳ್ಳಗೆ ಬರುವ ತನಕ ಪರೀಕ್ಷಿಸಿ.

ಮೊದಲ ಸಿಂಪಡಣೆ ರೋಹಿಣಿಯೊಳಗೆ ಆದರೆ ಎರಡನೆಯದು ನಲವತ್ತರಿಂದ ನಲವತ್ತೈದು ದಿನಕ್ಕೆ. ಯಾಕೆ ಎರಡನೆಯದು ಎಂದು ಸಣ್ಣ ಹಿಡುವಳಿದಾರರು ಕೇಳುತ್ತಾರೆ. ಮಳೆ ತೊಳೆದುಹಾಕುವುದು ಒಂದು ಕಾರಣ. ಇನ್ನೊಂದನ್ನು ನಾವು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ: ಅಷ್ಟರಲ್ಲಿ ಕಾಯಿ ಬೆಳೆದಿರುತ್ತದೆ. ರೋಹಿಣಿಯಲ್ಲಿ ಗೋಲಿಯಷ್ಟಿದ್ದ ಕಾಯಿಗೆ ತೊಡಿಸಿದ ಅಂಗಿ ಪುಷ್ಯದ ಕಾಯಿಗೆ ಸಾಲುತ್ತದೆಯೇ? ಹಿಗ್ಗಿದ ಸಿಪ್ಪೆಯಲ್ಲಿ ತಾಮ್ರ ಕಾಣದ ಜಾಗ ಬೇಕಾದಷ್ಟಿರುತ್ತದೆ. ಕಷ್ಟವೆಂದರೆ ಈ ನಲವತ್ತೈದನೆಯ ದಿನ ಬೀಳುವುದು ಪುನರ್ವಸು ಪುಷ್ಯಗಳ ನಟ್ಟನಡುವೆ. ಹೊಳವಿಗಾಗಿ ಕಾಯಬೇಕು, ಹೊಳವಾದ ದಿನ ಊರಿಗೆಲ್ಲ ಒಬ್ಬನೇ ಕೊನೆಗೌಡ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಹೊಡೆಯಬಹುದಾಗಿದೆ. ಅದಕ್ಕೂ ಅಭ್ಯಾಸ ಬೇಕು. ಕೊನೆಯ ಒಳಸಂದಿಗೆ ದ್ರಾವಣ ಇಳಿಯುತ್ತಿದೆಯೋ ಇಲ್ಲವೋ ಕೆಳಗಿನಿಂದ ತಿಳಿಯುವುದು ಸುಲಭವಲ್ಲ. ಆದರೂ ಪಾಚಿ ಕಟ್ಟಿದ ಮರಕ್ಕೆ ಅರವತ್ತು ದಾಟಿದವನನ್ನು ಹತ್ತಿಸುವುದಕ್ಕಿಂತ ಎಷ್ಟೋ ಮೇಲು. ಮಳೆಗಾಲ ಭಾದ್ರಪದದವರೆಗೂ ಎಳೆದರೆ ಮೂರನೆಯ ಬಾರಿ ಹೊಡೆಯಬೇಕಾದೀತು. ಹಾಗೆಂದು ತಿಂಗಳಿಗೊಮ್ಮೆ ಹೊಡೆದರೆ ಒಳ್ಳೆಯದೆಂದು ಭಾವಿಸಬಾರದು. ತಾಮ್ರ ಮಣ್ಣಿನಲ್ಲಿ ಉಳಿಯುವ ವಸ್ತು, ಅದು ಕರಗಿ ಮಾಯವಾಗುವುದಿಲ್ಲ. ಡ್ರಮ್ ತೊಳೆದ ನೀರನ್ನು ಬಸಿಗಾಲುವೆಗೆ ಚೆಲ್ಲುವವರು ಆ ಕಾಲುವೆ ಕೊನೆಗೆ ಯಾವ ಹಳ್ಳ ಸೇರುತ್ತದೆಂದು ನೋಡಲಿ.

ಕಾಫಿ ಇರುವ ಸದಸ್ಯರಿಗೆ ಒಂದು ಮಾತು. ಕಾಫಿ ಗಿಡದ ಎಲೆ ಕಪ್ಪಾಗಿ ಕೊಳೆತು, ಉದುರದೆ ನೂಲಿನ ಎಳೆಯಲ್ಲಿ ನೇತಾಡುವ ರೋಗಕ್ಕೂ ನಾವು ಕೊಳೆರೋಗವೆಂದೇ ಹೇಳುತ್ತೇವೆ. ಎಳೆಯ ಕಾಯಿಗಳೂ ಕಪ್ಪಾಗಿ ಉದುರುತ್ತವೆ. ಹೆಸರು ಒಂದೇ, ಜೀವಿ ಬೇರೆ. ಇದು ನಿಜವಾದ ಶಿಲೀಂಧ್ರ. ಇದಕ್ಕೆ ಈಜುವ ಬೀಜಾಣುಗಳಿಲ್ಲ, ಬದಲಾಗಿ ಎಲೆಯಿಂದ ಎಲೆಗೆ ಬಲೆಯಂತೆ ಎಳೆ ಹಾಯಿಸುತ್ತ ಹೋಗುತ್ತದೆ. ಇಂಗ್ಲೆಂಡಿನ ಕುಕ್ ಎಂಬ ವಿದ್ವಾಂಸ ಇದನ್ನು ವರ್ಣಿಸಿ, ನಮ್ಮ ಜನ ಕರೆಯುತ್ತಿದ್ದ ಹೆಸರನ್ನೇ ಲ್ಯಾಟಿನ್ನಿಗೆ ಸೇರಿಸಿ ಪೆಲ್ಲಿಕ್ಯುಲೇರಿಯಾ ಕೊಳೆರೋಗ ಎಂದು ನಾಮಕರಣ ಮಾಡಿದ್ದು, ಅದೂ 1876ರಲ್ಲಿಯೇ. ಕನ್ನಡದ ಮಾತೊಂದು ಲೋಕದ ಸಸ್ಯಶಾಸ್ತ್ರದ ಗ್ರಂಥಗಳಿಗೆಲ್ಲ ಹೋಗಿ ಕೂತಿತು. ಹೋಗಲು ಇದೇ ಮಾತು ಸಿಕ್ಕಿತಲ್ಲ ಎಂದು ನಗುವುದೋ ಅಳುವುದೋ.

ಎರಡಕ್ಕೂ ಬೋರ್ಡೋ ಆಗುತ್ತದೆ ನಿಜ. ಆದರೆ ಅಡಿಕೆಗೆ ಹೊಡೆಯುವಾಗ ಕೆಳಗಿನ ಕಾಫಿ ಗಿಡದ ಮೇಲೆ ತೊಟ್ಟಿಕ್ಕಿದ್ದೇ ಸಾಕೆಂದು ತಿಳಿದವರಿದ್ದಾರೆ. ಅದು ಎಲೆಯ ಬೆನ್ನಿನ ಮೇಲೆ ಬೀಳುತ್ತದೆ. ರೋಗ ಹಬ್ಬುವುದು ಎಲೆಯ ಹೊಟ್ಟೆಯ ಕಡೆಯಿಂದ. ಕಾಫಿಗೆ ಮುಂಗಾರಿಗೆ ಮುನ್ನ ಗಿಡದ ಒಳಗಿನಿಂದ, ಎಲೆಯಡಿಗೂ ಕಾಯಿಗೂ ಬೀಳುವಂತೆ ಪ್ರತ್ಯೇಕವಾಗಿಯೇ ಹೊಡೆಯಬೇಕು. ಅದಕ್ಕಿಂತ ಮುಖ್ಯವಾದದ್ದು ಗಾಳಿ ಬೆಳಕು. ಮರಗಸಿ ಸಕಾಲದಲ್ಲಿ ಆಗದೆ ಕತ್ತಲೆಗಟ್ಟಿದ ತಗ್ಗಿನ ಜಾಗದಲ್ಲಿಯೇ ಇದು ಮೊದಲು ಕಾಣಿಸುವುದು. ನೆತ್ತಿ ಬಿಡಿಸಿ, ಕಂಬಚಿಗುರು ತೆಗೆದು, ಗಿಡದ ನಡುವೆ ಗಾಳಿಯಾಡುವಂತೆ ಮಾಡಿದ ತೋಟದಲ್ಲಿ ಕಡಿಮೆ. ಕೊಳೆತ ರೆಂಬೆ ಕಂಡಲ್ಲಿ ಕತ್ತರಿಸಿ ಸುಟ್ಟುಬಿಡಬೇಕು.

ಸುಡುವ ಮಾತು ಬಂತಾದ್ದರಿಂದ ಅಡಿಕೆ ತೋಟಕ್ಕೂ ಹೇಳಿಬಿಡುತ್ತೇನೆ. ಹೋದ ವರ್ಷದ ಕೊಳೆ ಈ ವರ್ಷಕ್ಕೆ ಎಲ್ಲಿಂದ ಬರುತ್ತದೆ? ಮರದ ತಲೆಯಲ್ಲಿ ಒಣಗಿ ನಿಂತ ಹಳೆಯ ಕೊನೆಯಿಂದ, ಬುಡದಲ್ಲಿ ಸೋಗೆಯಡಿ ಬಿದ್ದ ಕೊಳೆಯಡಿಕೆಯಿಂದ, ಮಣ್ಣಿನಿಂದ. ಕೊನೆಗೌಡ ಮೊದಲ ಬಾರಿ ಹತ್ತಿದಾಗಲೇ ಒಣಕೊನೆಗಳನ್ನು ಕೆಡವಿಸಿ, ಬುಡದಲ್ಲಿ ಬಿದ್ದದ್ದನ್ನೆಲ್ಲ ಹೆಕ್ಕಿಸಿ ತೋಟದಿಂದ ಹೊರಗೆ ಸಾಗಿಸಬೇಕು. ಮಳೆಗಾಲದಲ್ಲಿ ಉದುರಿದ್ದನ್ನೂ ಎರಡು ಮೂರು ದಿನಕ್ಕೊಮ್ಮೆ ಹೆಕ್ಕಬೇಕು. ಹೆಕ್ಕಿದ್ದನ್ನು ತೋಟದ ಅಂಚಿನಲ್ಲೇ ಗುಡ್ಡೆ ಹಾಕಿದರೆ ಹೆಕ್ಕಿದ ಕೂಲಿ ದಂಡ. ಬಸಿಗಾಲುವೆ ಬೇಸಗೆಯಲ್ಲೇ ಬಿಡಿಸಿರಲಿ. ಬೇಲಿಯಾಚೆಯವರ ಜೊತೆ ಮಾತು ಬಿಟ್ಟಿದ್ದರೆ ಈ ತಿಂಗಳಲ್ಲಿ ಆಡಿಕೊಳ್ಳಿ. ಮಳೆಯ ಎರಚಲಿಗೆ ಗಡಿಕಲ್ಲು ಕಾಣುವುದಿಲ್ಲ. ನೀವು ಹೊಡೆದು ಅವರು ಬಿಟ್ಟರೆ ನಿಮ್ಮ ಅಂಚಿನ ಸಾಲಿಗೆ ಅಲ್ಲಿಂದಲೇ ಬರುತ್ತದೆ. ಕಳೆದ ಬಾರಿ ಒಂದು ಕೇರಿಯ ನಾಲ್ಕು ಮನೆಯವರು ಸೇರಿ ಒಬ್ಬನೇ ಕೊನೆಗೌಡನನ್ನು ಹಿಡಿದು, ಒಂದು ತುದಿಯಿಂದ ಇನ್ನೊಂದು ತುದಿಗೆ ಬೇಲಿ ನೋಡದೆ ಹೊಡೆಸಿಕೊಂಡು ಬಂದರು. ಖರ್ಚನ್ನು ಮರದ ಲೆಕ್ಕದಲ್ಲಿ ಹಂಚಿಕೊಂಡರು. ಆ ನಾಲ್ಕರಲ್ಲಿ ಎರಡು ಮನೆಯವರು ದಾರಿ ವಿವಾದದಲ್ಲಿ ಕೋರ್ಟಿನಲ್ಲಿದ್ದಾರೆ.

ನಮ್ಮ ಕೊನೆಗೌಡ ಈಗ ಮರ ಹತ್ತುವುದಿಲ್ಲ. ಕೆಳಗೆ ನಿಂತು ದ್ರಾವಣ ಕಲಸುವುದು ಅವನ ಕೆಲಸ, ಸುಣ್ಣವನ್ನು ಮೂಸಿ ನೋಡಿಯೇ ಸತ್ತದ್ದೋ ಬದುಕಿದ್ದೋ ಹೇಳುತ್ತಾನೆ. ನನಗೆ ಆ ವಿದ್ಯೆ ಬಾರದು, ಕತ್ತಿಯೇ ಗತಿ. ಉಗ್ರಾಣದ ಕಿಟಕಿಯ ಪಕ್ಕದಲ್ಲಿ ಉಜ್ಜಿದ ಕತ್ತಿಯೊಂದನ್ನು ನೇತುಹಾಕಿಸಿದ್ದೇನೆ. ಮೈಲುತುತ್ತ ಒಯ್ಯಲು ಬರುವ ಸದಸ್ಯರು ಮನೆಯ ಸುಣ್ಣವನ್ನೂ ಒಂದು ಹಿಡಿ ತಂದರೆ ಅಲ್ಲಿಯೇ ಬಕೆಟ್ಟಿನಲ್ಲಿ ಕಲಸಿ ನೋಡಿಕೊಡಲಾಗುವುದು. ಬೇಡಿಕೆಯ ಪಟ್ಟಿ ಗುಮಾಸ್ತರ ಬಳಿ ಇದೆ. ಎಷ್ಟು ಮರ, ಎಷ್ಟು ಕಿಲೋ, ಹತ್ತುವವರು ಯಾರು ಎಂಬ ಮೂರು ಕಲಮುಗಳಿವೆ. ಮೂರನೆಯದನ್ನು ಖಾಲಿ ಬಿಟ್ಟವರನ್ನು ಕರೆಸಿ ಮಾತನಾಡಬೇಕೆಂದು ಗುಮಾಸ್ತರಿಗೆ ತಿಳಿಸಿದ್ದೇನೆ.